ಎಲ್ಲರ ಪಾತ್ರೆ, ಯಾರ ಹೊಣೆ?

ನಾದ ಹುಟ್ಟಿಸುವ ಗಣಕಭಾಷೆಯಿಂದ ಕಲಿಯಬಹುದಾದ ಒಂದು ಪಾಠ

ಕಲ್ಲಿನ ಮಂಟಪದಲ್ಲಿ ನಿಂತು ಒಮ್ಮೆ ಕೈತಟ್ಟಿದರೆ, ಕೈಗಳು ಬೇರೆಯಾದ ಮೇಲೂ ಸದ್ದು ಕಂಬಗಳ ನಡುವೆ ಸುಳಿದಾಡಿ ಮೆಲ್ಲಮೆಲ್ಲನೆ ಕರಗುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ಅನುರಣನವೆಂದು ಹೆಸರು. ಈ ಉಳಿದ ನಾದವು ಕೈತಟ್ಟಿದವನದಲ್ಲ. ಅವನು ಅಲ್ಲಿಂದ ಹೊರಟುಹೋಗಿರಲೂಬಹುದು. ಅದು ಮಂಟಪದ್ದು. ಹತ್ತು ಜನ ಒಟ್ಟಿಗೆ ಕೈತಟ್ಟಿದರೆ ಹತ್ತು ಮಂಟಪಗಳು ಬೇಕಾಗುವುದಿಲ್ಲ. ಎಲ್ಲರ ಸದ್ದೂ ಒಂದೇ ಮಂಟಪದಲ್ಲಿ ಬೆರೆತು, ಒಂದಾಗಿ ಮೊಳಗಿ, ಒಂದಾಗಿ ಅಡಗುತ್ತದೆ.

ಗಣಕಯಂತ್ರದಿಂದ ನಾದವನ್ನು ಹುಟ್ಟಿಸುವವರಿಗೆ ಇದೇ ಸಂಗತಿಯು ಮೊದಲ ತೊಡಕಾಗಿ ಎದುರಾಗುತ್ತದೆ. ಯಂತ್ರದೊಳಗೆ ವಾದ್ಯಗಳನ್ನು ಕಟ್ಟಬಹುದು, ಸ್ವರಗಳನ್ನು ನುಡಿಸಬಹುದು. ಆದರೆ ಆ ಸ್ವರಗಳೆಲ್ಲ ಬೆರೆಯಬೇಕಾದ ಮಂಟಪವನ್ನು ಇಡುವುದೆಲ್ಲಿ? ಈ ಪ್ರಶ್ನೆಗೆ ದೊರೆತ ಉತ್ತರವೇ ‘ಗ್ಲೋಬಲ್ ವೇರಿಯಬಲ್’, ಅಂದರೆ ಸಾರ್ವತ್ರಿಕ ಚರ. ನಮ್ಮ ವಾಚಕರ ಮನೆಗಳಲ್ಲಿ ಗಣಕವಿದ್ಯೆಯನ್ನು ಕಲಿಯುತ್ತಿರುವ ಮಕ್ಕಳು ಇಂದು ಅನೇಕರಿದ್ದಾರೆ. ಈ ಹೆಸರನ್ನು ಅವರ ಬಾಯಲ್ಲಿ ಹಿರಿಯರು ಕೇಳಿರಲೂ ಸಾಕು. ಪಾಠಪುಸ್ತಕಗಳು ಸಾಮಾನ್ಯವಾಗಿ ಇದನ್ನು ದೂರವಿಡಬೇಕೆಂದು ಎಚ್ಚರಿಸುತ್ತವೆ. ನಾದದ ಕ್ಷೇತ್ರದಲ್ಲಿ ಇದು ಏಕೆ ಬೇಕಾಯಿತು, ಬೇಕಾದರೂ ಏಕೆ ಅಪಾಯಕಾರಿ ಎಂಬುದನ್ನು ಇಲ್ಲಿ ವಿಚಾರಿಸೋಣ.

ಅಂಕಿಗಳಿಂದ ಹುಟ್ಟುವ ನಾದ

ಗಣಕಯಂತ್ರಕ್ಕೆ ತಂತಿಯೂ ಇಲ್ಲ, ಚರ್ಮವೂ ಇಲ್ಲ. ಅದು ಬಲ್ಲುದು ಅಂಕಿಗಳನ್ನು ಮಾತ್ರ. ಆದರೆ ಧ್ವನಿಯೆಂಬುದು ಗಾಳಿಯ ಒತ್ತಡದ ಏರಿಳಿತವೇ ತಾನೆ? ಆ ಏರಿಳಿತವನ್ನು ಬಲು ಸಣ್ಣ ಸಣ್ಣ ಅಂತರಗಳಲ್ಲಿ ಅಳೆದು ಅಂಕಿಗಳಾಗಿ ಬರೆದಿಡಬಹುದು. ಹಾಗೆ ಬರೆದಿಡಬಹುದಾದರೆ, ಅಂಕಿಗಳನ್ನೇ ಲೆಕ್ಕದಿಂದ ಹುಟ್ಟಿಸಿ ಧ್ವನಿವರ್ಧಕಕ್ಕೆ ಕಳುಹಿಸಿ, ಹಿಂದೆಂದೂ ಯಾರೂ ನುಡಿಸದ ನಾದವನ್ನೂ ಕೇಳಬಹುದು. ಧ್ವನಿಮುದ್ರಿಕೆಯ ಸಾಮಾನ್ಯ ಮಟ್ಟಕ್ಕೆ ಸೆಕೆಂಡಿಗೆ 44,100 ಅಂಕಿಗಳು ಬೇಕಾಗುತ್ತವೆ.

ಈ ವಿಚಾರವನ್ನು ಕಾರ್ಯರೂಪಕ್ಕೆ ತಂದವರು ಅಮೆರಿಕದ ಬೆಲ್ ಪ್ರಯೋಗಾಲಯದ ಇಂಜಿನಿಯರ್ ಮ್ಯಾಕ್ಸ್ ಮ್ಯಾಥ್ಯೂಸ್. 1957ರಲ್ಲಿ ಅವರು ಐಬಿಎಂ 704 ಎಂಬ ಯಂತ್ರಕ್ಕಾಗಿ ‘ಮ್ಯೂಸಿಕ್’ ಎಂಬ ಪ್ರೋಗ್ರಾಂ ಬರೆದರು. ಅವರ ಸಹೋದ್ಯೋಗಿ ನ್ಯೂಮನ್ ಗಟ್‌ಮನ್ ಅದರಿಂದ ರಚಿಸಿದ ಮೊದಲ ಕೃತಿಯ ಅವಧಿ ಕೇವಲ 17 ಸೆಕೆಂಡು. ಅಲ್ಲಿಂದ ಮುಂದೆ ಈ ಪ್ರೋಗ್ರಾಮಿನ ವಂಶವು ಬೆಳೆಯಿತು. ನ್ಯೂಜಿಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಸಂಗೀತರಚಕ ಬ್ಯಾರಿ ವರ್ಕೋ ಅವರು 1970ರ ದಶಕದಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ‘ಮ್ಯೂಸಿಕ್ 11’ ಎಂಬುದನ್ನು ರಚಿಸಿದರು. 1986ರಲ್ಲಿ ಅವರೇ ಅದನ್ನು ‘ಸಿ’ ಭಾಷೆಯಲ್ಲಿ ಹೊಸದಾಗಿ ಬರೆದು ‘ಸಿಸೌಂಡ್’ ಎಂದು ಹೆಸರಿಟ್ಟರು. ಸಿಸೌಂಡ್ ಇಂದಿಗೂ ಬಳಕೆಯಲ್ಲಿದೆ, ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಮನೆಯ ಸಾಧಾರಣ ಗಣಕದಲ್ಲಿಯೂ ಅದು ನಡೆಯುತ್ತದೆ.

ಸಿಸೌಂಡಿನ ಬರವಣಿಗೆಯಲ್ಲಿ ಎರಡು ಭಾಗಗಳುಂಟು. ಒಂದು ವಾದ್ಯವೃಂದ, ಇನ್ನೊಂದು ಸ್ವರಪಟ್ಟಿ. ವಾದ್ಯವೃಂದದಲ್ಲಿ 1, 2, 3 ಎಂದು ಸಂಖ್ಯೆ ಹೊತ್ತ ವಾದ್ಯಗಳಿರುತ್ತವೆ. ಒಂದೊಂದು ವಾದ್ಯವೂ ಅಂಕಿಗಳನ್ನು ಹೇಗೆ ಹುಟ್ಟಿಸಬೇಕೆಂಬ ವಿಧಿಯಾಗಿರುತ್ತದೆ. ಸ್ವರಪಟ್ಟಿಯಲ್ಲಿ ಯಾವ ವಾದ್ಯ, ಯಾವ ಕ್ಷಣದಲ್ಲಿ, ಎಷ್ಟು ಕಾಲ ನುಡಿಯಬೇಕೆಂಬ ಅಪ್ಪಣೆಗಳಿರುತ್ತವೆ.

ಸ್ವರ ಅಳಿದರೂ ಉಳಿಯಬೇಕಾದದ್ದು

ಗಣಕಭಾಷೆಯಲ್ಲಿ ‘ಚರ’ವೆಂದರೆ ಹೆಸರು ಬರೆದಿಟ್ಟ ಒಂದು ಪಾತ್ರೆ. ಅದರಲ್ಲಿ ಅಂಕಿಯನ್ನು ಇಡಬಹುದು, ತೆಗೆದು ನೋಡಬಹುದು, ಬದಲಾಯಿಸಬಹುದು. ಸಿಸೌಂಡಿನಲ್ಲಿ ಒಂದು ಸ್ವರ ಮೊದಲಾದೊಡನೆ ಆ ಸ್ವರಕ್ಕೆಂದೇ ವಾದ್ಯದ ಒಂದು ಹೊಸ ಪ್ರತಿಯು ಸಿದ್ಧವಾಗುತ್ತದೆ. ಅದಕ್ಕೆ ತನ್ನದೇ ಪಾತ್ರೆಗಳಿರುತ್ತವೆ. ಅದೇ ವಾದ್ಯ ಅದೇ ಕ್ಷಣದಲ್ಲಿ ಮತ್ತೊಂದು ಸ್ವರವನ್ನು ನುಡಿಯುತ್ತಿದ್ದರೂ ಆ ಪ್ರತಿಯ ಪಾತ್ರೆಗಳು ಬೇರೆ, ಈ ಪ್ರತಿಯವು ಬೇರೆ. ಒಂದರೊಳಗೆ ಇನ್ನೊಂದು ಕೈಹಾಕಲಾರದು. ಇವುಗಳನ್ನು ಸ್ಥಳೀಯ ಚರಗಳೆನ್ನುತ್ತಾರೆ. ಸ್ವರ ಮುಗಿದೊಡನೆ ಆ ಪ್ರತಿಯ ಕೆಲಸವೂ ಮುಗಿಯಿತು. ಅದರ ಪಾತ್ರೆಗಳಲ್ಲಿದ್ದುದನ್ನು ಹೊರಗಿನವರು ಮತ್ತೆ ಪಡೆಯಲಾಗದು.

ಏರ್ಪಾಡು ಅಚ್ಚುಕಟ್ಟಾದದ್ದೇ. ಆದರೆ ಅನುರಣನವನ್ನು ವಾದ್ಯದೊಳಗೇ ಇಟ್ಟರೆ ಏನಾಗುವುದೆಂದು ನೋಡಿ. ಸ್ವರ ಅರ್ಧ ಸೆಕೆಂಡಿನದು, ಮಂಟಪದ ಮೊಳಗು ಮೂರು ಸೆಕೆಂಡಿನದು ಎಂದಿರಲಿ. ಅರ್ಧ ಸೆಕೆಂಡು ಕಳೆದೊಡನೆ ಸ್ವರದೊಂದಿಗೆ ಮೊಳಗೂ ಕತ್ತರಿಸಿಹೋಗುತ್ತದೆ. ಕೈತಟ್ಟಿದವನ ಕೈ ನಿಂತೊಡನೆ ಮಂಟಪವೇ ಮಾಯವಾದಂತೆ! ಎರಡನೆಯ ತೊಂದರೆ ಲೆಕ್ಕದ ಹೊರೆಯದು. ಇಪ್ಪತ್ತು ಸ್ವರಗಳು ಏಕಕಾಲದಲ್ಲಿ ನುಡಿಯುತ್ತಿದ್ದರೆ ಇಪ್ಪತ್ತು ಮಂಟಪಗಳನ್ನು ಕಟ್ಟಿದಷ್ಟು ಲೆಕ್ಕವನ್ನು ಯಂತ್ರವು ಮಾಡಬೇಕು. ಅಂದಿನ ಯಂತ್ರಗಳಿಗೆ ಇದು ತೀರ ಭಾರವಾಗಿತ್ತು.

ಆದುದರಿಂದ ಮಂಟಪವನ್ನು ಸ್ವರಗಳ ಹೊರಗೆ ಕಟ್ಟುವುದು ಅನಿವಾರ್ಯವಾಯಿತು. ಅನುರಣನಕ್ಕೆಂದೇ ಒಂದು ಪ್ರತ್ಯೇಕ ವಾದ್ಯವಿರುತ್ತದೆ. ಅದನ್ನು ಕೃತಿಯ ಆರಂಭದಿಂದ ಕೊನೆಯವರೆಗೂ ಎಚ್ಚರದಲ್ಲಿಟ್ಟಿರುತ್ತಾರೆ. ಉಳಿದ ವಾದ್ಯಗಳು ತಮ್ಮ ಧ್ವನಿಯ ಒಂದಂಶವನ್ನು ಅದಕ್ಕೆ ತಲುಪಿಸಬೇಕು. ತಲುಪಿಸಲು ಎಲ್ಲರ ಕೈಗೂ ಎಟಕುವ ಒಂದು ಪಾತ್ರೆ ಬೇಕು. ಸ್ವರಗಳು ಹುಟ್ಟಿ ಅಳಿಯುತ್ತಿದ್ದರೂ ತಾನು ಉಳಿದಿರುವ ಆ ಪಾತ್ರೆಯೇ ಸಾರ್ವತ್ರಿಕ ಚರ.

ಒಂದಕ್ಷರದ ಗುರುತು

ಸಿಸೌಂಡಿನಲ್ಲಿ ಪಾತ್ರೆಯ ಹೆಸರಿನ ಮೊದಲಕ್ಷರವೇ ಅದರ ಜಾತಿಯನ್ನು ಸಾರುತ್ತದೆ. ಇಂಗ್ಲಿಷಿನ ‘ಐ’ ಅಕ್ಷರದಿಂದ ಮೊದಲಾದರೆ, ಅದರ ಬೆಲೆ ಸ್ವರದ ಆರಂಭದಲ್ಲಿ ಒಮ್ಮೆ ಮಾತ್ರ ನಿಶ್ಚಯವಾಗುತ್ತದೆ. ‘ಕೆ’ ಎಂದಿದ್ದರೆ, ಸ್ವರ ನಡೆಯುತ್ತಿರುವಾಗಲೂ ಸುತ್ತುಸುತ್ತಿಗೆ ಬದಲಾಗಬಲ್ಲದು. ಧ್ವನಿಯ ಏರಿಳಿತ, ಕಂಪನದ ಓಲಾಟ ಮುಂತಾದ ನಿಧಾನದ ಸಂಗತಿಗಳಿಗೆ ಇದು ಸಾಕು. ‘ಎ’ ಎಂದಿದ್ದರೆ ಅದು ಧ್ವನಿಯೇ. ಸೆಕೆಂಡಿಗೆ 44,100 ಅಂಕಿಗಳು ಅದರಲ್ಲಿ ಹರಿಯುತ್ತವೆ. ಹತ್ತು ಅಂಕಿಗಳನ್ನು ಒಂದು ಕಂತಾಗಿ ಲೆಕ್ಕಮಾಡುವುದು ಸಿಸೌಂಡಿನ ಸಹಜ ಪದ್ಧತಿ. ಹೀಗಾಗಿ ಸೆಕೆಂಡಿಗೆ 4,410 ಸುತ್ತುಗಳು.

ಈ ಅಕ್ಷರಗಳ ಮುಂದೆ ‘ಜಿ’ ಎಂಬ ಇನ್ನೊಂದು ಅಕ್ಷರ ಸೇರಿತೆಂದರೆ ಪಾತ್ರೆ ಎಲ್ಲರದಾಯಿತು. ‘ಜಿಐ’, ‘ಜಿಕೆ’, ‘ಜಿಎ’ ಎಂಬಿವು ಹೀಗೆ ಹುಟ್ಟಿದ ಸಾರ್ವತ್ರಿಕ ಚರಗಳು. ಬೇರೆ ಅನೇಕ ಗಣಕಭಾಷೆಗಳಲ್ಲಿ ಒಂದು ಚರ ಮನೆಯೊಳಗಿನದೋ ಬೀದಿಯದೋ ಎಂದು ತಿಳಿಯಲು ಇಡೀ ಬರಹವನ್ನು ಜಾಲಾಡಬೇಕಾಗುತ್ತದೆ. ಇಲ್ಲಿ ಹೆಸರಿನ ಹಣೆಯ ಮೇಲೆಯೇ ಅದು ಬರೆದಿದೆ. ಇದು ಚಿಕ್ಕ ವಿಷಯವೆಂದು ತೋರಬಹುದು. ಆದರೆ ಎಲ್ಲರ ಸ್ವತ್ತನ್ನು ಮುಟ್ಟುವ ಪ್ರತಿ ಸಲವೂ ಮುಟ್ಟುವವನಿಗೆ ಅದರ ನೆನಪಾಗುವುದು ಒಳ್ಳೆಯದೇ.

ಕ್ಯಾನು ತೊಳೆಯುವವರು ಯಾರು?

ಇನ್ನು ಅಪಾಯದ ಮಾತು. ಇದನ್ನು ತಿಳಿಯಲು ನಮ್ಮ ಹಳ್ಳಿಗಳ ಹಾಲಿನ ಸೊಸೈಟಿಯನ್ನು ನೆನೆಯೋಣ. ಬೆಳಿಗ್ಗೆ ಮನೆಮನೆಯವರು ಬಂದು ಒಂದೇ ಕ್ಯಾನಿಗೆ ಹಾಲು ಸುರಿಯುತ್ತಾರೆ. ಲಾರಿ ಬಂದು ಹಾಲನ್ನು ಒಯ್ಯುತ್ತದೆ. ಬರಿದಾದ ಕ್ಯಾನನ್ನು ತೊಳೆದಿಡುತ್ತಾರೆ. ಸಂಜೆಗೆ ಮತ್ತೆ ಇದೇ ಕ್ರಮ. ಇದರಲ್ಲಿ ಮೂರು ನಿಯಮಗಳು ಅಡಗಿವೆ. ಬಂದವನು ಇದ್ದ ಹಾಲಿಗೆ ತನ್ನದನ್ನು ಸೇರಿಸಬೇಕು. ಇದ್ದುದನ್ನು ಚೆಲ್ಲಿ ತನ್ನದನ್ನು ತುಂಬಬಾರದು. ಎಲ್ಲರೂ ಸುರಿದ ಮೇಲೆಯೇ ಲಾರಿ ಬರಬೇಕು. ಲಾರಿ ಹೋದ ಮೇಲೆಯೇ ಕ್ಯಾನು ತೊಳೆಯಬೇಕು. ತೊಳೆಯದೆ ಮಾತ್ರ ಬಿಡಬಾರದು.

ಸಿಸೌಂಡಿನ ಸಾರ್ವತ್ರಿಕ ಧ್ವನಿಚರವು ಇಂಥದೇ ಕ್ಯಾನು. ಮೂರು ನಿಯಮಗಳಲ್ಲಿ ಯಾವುದು ತಪ್ಪಿದರೂ ಅದರದರ ಫಲವನ್ನು ಕಿವಿಯೇ ಹೇಳುತ್ತದೆ.

ಮೊದಲ ನಿಯಮ ತಪ್ಪಿತೆನ್ನಿ. ವಾದ್ಯವು ‘ಇದ್ದುದಕ್ಕೆ ನನ್ನದನ್ನು ಕೂಡಿಸು’ ಎನ್ನುವ ಬದಲು ‘ನನ್ನದನ್ನೇ ಇಡು’ ಎಂದು ಬರೆದಿದೆ. ಒಂದೇ ಸ್ವರ ನುಡಿಯುವಾಗ ಯಾವ ದೋಷವೂ ಕಾಣದು. ಷಡ್ಜ, ಗಾಂಧಾರ, ಪಂಚಮಗಳನ್ನು ಒಟ್ಟಿಗೆ ನುಡಿಸಿದಾಗ ಮಾತ್ರ, ಕೊನೆಗೆ ಬಂದ ಸ್ವರವೊಂದೇ ಮಂಟಪವನ್ನು ಮುಟ್ಟುತ್ತದೆ. ಉಳಿದೆರಡರ ಪಾಲು ಅಳಿಸಿಹೋಗಿರುತ್ತದೆ.

ಎರಡನೆಯ ನಿಯಮ ಸರತಿಯದು. ಪ್ರತಿ ಸುತ್ತಿನಲ್ಲಿಯೂ ಸಿಸೌಂಡ್ ವಾದ್ಯಗಳನ್ನು ಅವುಗಳ ಸಂಖ್ಯೆಯ ಏರುಕ್ರಮದಲ್ಲಿಯೇ ನಡೆಸುತ್ತದೆ. ಆದುದರಿಂದಲೇ ಅನುಭವಿಗಳು ಅನುರಣನದ ವಾದ್ಯಕ್ಕೆ 99 ಅಥವಾ 100ರಂಥ ದೊಡ್ಡ ಸಂಖ್ಯೆಯನ್ನು ಕೊಡುತ್ತಾರೆ. ಎಲ್ಲರೂ ಸುರಿದಾದ ಮೇಲೆ ಅದರ ಸರದಿ ಬರಲಿ ಎಂದು. ಬರಿದುಮಾಡುವ ಆಜ್ಞೆಯು ಸುರಿಯುವವರಿಗೂ ಓದುವವನಿಗೂ ನಡುವೆ ಬಂದುಬಿಟ್ಟರೆ ಮಂಟಪಕ್ಕೆ ಸೇರುವುದು ನಿಶ್ಶಬ್ದ ಮಾತ್ರ. ಬರಹದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ, ಕೆಟ್ಟಿರುವುದು ಸರತಿ.

ಮೂರನೆಯದು ಎಲ್ಲಕ್ಕಿಂತ ಕಠಿಣ. ಸುತ್ತು ಮುಗಿದ ಮೇಲೆ ಪಾತ್ರೆಯನ್ನು ಸೊನ್ನೆಗೆ ತಂದಿಡದಿದ್ದರೆ ಹಳೆಯ ಧ್ವನಿಯ ಮೇಲೆ ಹೊಸ ಧ್ವನಿ ಪೇರುತ್ತ ಹೋಗುತ್ತದೆ. ಅತಿ ದೊಡ್ಡ ಧ್ವನಿಯ ಮಿತಿಯನ್ನು 1 ಎಂದು ಗೊತ್ತುಮಾಡಿಕೊಂಡಿರುವೆವೆನ್ನೋಣ. ಧ್ವನಿಯಲ್ಲಿ ಒಂದೇ ಕಡೆಗೆ ವಾಲಿದ ಅಂಶವು 0.001ರಷ್ಟು ಇದ್ದರೂ ಸಾಕು. ಸುತ್ತಿಗೊಂದರಂತೆ ಕೂಡಿ ಒಂದೇ ಸೆಕೆಂಡಿನಲ್ಲಿ ಅದು 4.41 ಆಗುತ್ತದೆ, ಅಂದರೆ ಮಿತಿಯ ನಾಲ್ಕು ಪಟ್ಟಿಗೂ ಮಿಗಿಲು. ಬಿರುಗಾಳಿಯ ಭೋರ್ಗರೆತದಂಥ ಗೊತ್ತುಗುರಿಯಿಲ್ಲದ ಧ್ವನಿಯಾದರೆ, ಒಂದು ಸೆಕೆಂಡಿನ ಕೊನೆಗೆ ಪಾತ್ರೆಯಲ್ಲಿರುವುದು ಸುಮಾರು 66 ಪಟ್ಟು ದೊಡ್ಡದಾಗಿರುತ್ತದೆ. 4,410ರ ವರ್ಗಮೂಲ ಅಷ್ಟೇ ತಾನೆ! ಕಿವಿಗೆ ಹಚ್ಚಿಕೊಳ್ಳುವ ಹೆಡ್‌ಫೋನಿನಲ್ಲಿ ಇದನ್ನು ಕೇಳುತ್ತಿರುವವನ ಪಾಡನ್ನು ಊಹಿಸಿಕೊಳ್ಳಬಹುದು. ಕಿವಿಗೆ ತಗಲಿದ ಪೆಟ್ಟು ಕೆಲವೊಮ್ಮೆ ಮರಳಿ ವಾಸಿಯಾಗದು.

ಇದರಲ್ಲಿ ಇನ್ನೊಂದು ಮೋಸವುಂಟು. ಶುದ್ಧವಾದ ಒಂಟಿ ಸ್ವರವನ್ನು ನುಡಿಸಿ ಪರೀಕ್ಷಿಸಿದರೆ ಅದರ ಏರು ಇಳಿತಗಳು ಒಂದನ್ನೊಂದು ಅಳಿಸಿಕೊಳ್ಳುವುದರಿಂದ, ಪಾತ್ರೆಯಲ್ಲಿರುವುದು ಏರುತ್ತಲೇ ಹೋಗದೆ ಒಂದು ಮಿತಿಯೊಳಗೇ ನಿಲ್ಲಬಹುದು. ಬರೆದವನು ಎಲ್ಲವೂ ಸರಿಯೆಂದು ನಂಬುತ್ತಾನೆ. ಸ್ವರ ನಿಂತ ಮೇಲೆ ನಿಜಸ್ಥಿತಿ ಹೊರಬೀಳುತ್ತದೆ. ಕೊನೆಯ ಸುತ್ತಿನ ಹತ್ತು ಅಂಕಿಗಳು ಪಾತ್ರೆಯಲ್ಲಿಯೇ ಉಳಿದು, ಸೆಕೆಂಡಿಗೆ 4,410 ಸಲ ಅವೇ ಅವೇ ಮರಳಿ ಮರಳಿ ಮಂಟಪಕ್ಕೆ ಸೇರುತ್ತ, ಯಾರೂ ನುಡಿಸದ ಕೀರಲು ದನಿಯೊಂದು ಮುಗಿವಿಲ್ಲದೆ ಮೊದಲಾಗುತ್ತದೆ. ಸ್ವರಪಟ್ಟಿಯನ್ನು ಎಷ್ಟು ತಿರುವಿ ನೋಡಿದರೂ ಆ ದನಿ ಅಲ್ಲಿಲ್ಲ!

ಪರಿಹಾರವಾದರೋ ಒಂದೇ ಸಾಲಿನದು. ಅನುರಣನದ ವಾದ್ಯವು ಪಾತ್ರೆಯನ್ನು ಓದಿ, ಮೊಳಗನ್ನು ಹೊರಗೆ ಕಳುಹಿಸಿ, ತನ್ನ ಕೊನೆಯ ಸಾಲಿನಲ್ಲಿ ಅದನ್ನು ಸೊನ್ನೆ ಮಾಡಬೇಕು. ಇದಕ್ಕಾಗಿ ಸಿಸೌಂಡಿನಲ್ಲಿ ‘ಕ್ಲಿಯರ್’ ಎಂಬ ಆಜ್ಞೆಯೇ ಇದೆ. ಕೃತಿಯ ಮೊದಲಲ್ಲಿ, ಯಾವ ವಾದ್ಯಕ್ಕೂ ಸೇರದ ತಲೆಬರಹದ ಭಾಗದಲ್ಲಿ, ಪಾತ್ರೆಯನ್ನು ಒಮ್ಮೆ ಸೊನ್ನೆಯಿಂದ ಆರಂಭಿಸಿರಬೇಕೆಂಬುದೂ ನಿಯಮ.

ಶ್ರುತಿಯಂಥ ಸೊತ್ತು

ಎಲ್ಲ ಸಾರ್ವತ್ರಿಕ ಚರಗಳೂ ಹಾಲಿನ ಕ್ಯಾನಿನಂಥವಲ್ಲ. ಇನ್ನೊಂದು ಬಗೆಯದು ತಂಬೂರಿಯ ಶ್ರುತಿಯಂಥದು. ಕಚೇರಿಗೆ ಮುಂಚೆ ಶ್ರುತಿ ನಿಶ್ಚಯವಾಗುತ್ತದೆ. ಗಾಯಕರು, ಪಿಟೀಲಿನವರು, ಮೃದಂಗದವರು ಎಲ್ಲರೂ ಅದನ್ನು ಆಲಿಸಿ ಅದಕ್ಕೆ ಹೊಂದಿಕೊಳ್ಳುತ್ತಾರೆ. ಕಾಸರಗೋಡಿನ ಬಯಲಾಟದ ರಂಗಸ್ಥಳದಲ್ಲಿಯೂ ಭಾಗವತರ ಶ್ರುತಿಗೆ ಮದ್ದಲೆಯನ್ನು ಹದಗೊಳಿಸುವುದು ಇದೇ ನ್ಯಾಯದಿಂದ. ಶ್ರುತಿ ಎಲ್ಲರದೂ ಹೌದು. ಆದರೆ ಆಟದ ನಡುವೆ ಮದ್ದಲೆಯವರು ಅದನ್ನು ಬದಲಾಯಿಸಹೊರಡುವುದಿಲ್ಲ.

ಸಿಸೌಂಡಿನಲ್ಲಿ ‘ಜಿಐ’ ಚರಗಳು ಬಹುಮಟ್ಟಿಗೆ ಈ ಬಗೆಯವು. ಆಧಾರಸ್ವರದ ಕಂಪನಸಂಖ್ಯೆ, ಅಲೆಯ ಆಕಾರವನ್ನು ಬರೆದಿಟ್ಟ ಕೋಷ್ಟಕದ ಸಂಖ್ಯೆ ಮುಂತಾದುವನ್ನು ಮೊದಲಲ್ಲಿ ಒಮ್ಮೆ ಇಟ್ಟುಬಿಡುತ್ತಾರೆ. ಆಮೇಲೆ ಎಲ್ಲ ವಾದ್ಯಗಳೂ ಓದುತ್ತವೆ, ಯಾವುದೂ ತಿದ್ದುವುದಿಲ್ಲ. ‘ಜಿಕೆ’ ಚರಗಳು ನಡುವಣ ಜಾತಿಯವು: ಇಡೀ ವೃಂದದ ಧ್ವನಿಯನ್ನು ಮೆಲ್ಲನೆ ತಗ್ಗಿಸುವ ಒಂದು ವಾದ್ಯವಿದ್ದರೆ ಅದು ಬರೆಯುತ್ತದೆ, ಉಳಿದವು ಪಾಲಿಸುತ್ತವೆ. ಬರೆಯುವವನು ಒಬ್ಬನೇ ಆಗಿರುವತನಕ ಜಗಳವಿಲ್ಲ. ಇಬ್ಬರು ಬರೆಯತೊಡಗಿದರೆ, ಪ್ರತಿ ಸುತ್ತಿನಲ್ಲಿಯೂ ಹಿಂದೆ ಬಂದವನ ಮಾತೇ ಮುಂದಿನವರಿಗೆ ನಿಲ್ಲುತ್ತದೆ. ಮುಂದೆ ಬಂದವನ ಶ್ರಮ ವ್ಯರ್ಥ.

ಒಟ್ಟಿನಲ್ಲಿ ಕಷ್ಟವಿರುವುದು ಪಾತ್ರೆ ಎಲ್ಲರದಾಗಿರುವುದರಲ್ಲಿ ಅಲ್ಲ. ಬರೆಯುವ ಅಧಿಕಾರ ಯಾರಿಗೆಂದು ಗೊತ್ತುಮಾಡದೆ ಇರುವುದರಲ್ಲಿ.

ವಿದ್ವಾಂಸರ ಎಚ್ಚರಿಕೆ, ಇತರರ ಉಪಾಯ

ಗಣಕವಿಜ್ಞಾನಿಗಳು ಈ ವಿಷಯದಲ್ಲಿ ಬಹುಕಾಲದಿಂದ ಕಟುವಾಗಿ ನುಡಿದಿದ್ದಾರೆ. ವಿಲಿಯಂ ವುಲ್ಫ್ ಮತ್ತು ಮೇರಿ ಶಾ ಎಂಬಿಬ್ಬರು 1973ರಲ್ಲಿ ಪ್ರಕಟಿಸಿದ ಲೇಖನವೊಂದು ಸಾರ್ವತ್ರಿಕ ಚರವು ಹಾನಿಕರವೆಂದು ತಲೆಬರಹದಲ್ಲಿಯೇ ಸಾರಿತ್ತು. ದೊಡ್ಡ ಪ್ರೋಗ್ರಾಮಿನ ಯಾವ ಮೂಲೆಯಿಂದ ಯಾರು ಚರವನ್ನು ತಿದ್ದಿದರೆಂದು ಹುಡುಕುವುದೇ ಕಷ್ಟವಾಗುವಾಗ ಈ ಮಾತು ನ್ಯಾಯವಾದದ್ದೇ. ಆದರೆ ಮಂಟಪವಿಲ್ಲದೆ ಸಂಗೀತ ಸೊರಗುತ್ತದೆಂಬುದೂ ಅಷ್ಟೇ ನಿಜ. ಹೀಗಾಗಿ ನಾದಭಾಷೆಗಳನ್ನು ಕಟ್ಟಿದವರು ಪಾತ್ರೆಯನ್ನು ಬಿಟ್ಟುಕೊಡದೆ ಅದಕ್ಕೆ ಕಟ್ಟುಪಾಡುಗಳನ್ನು ಹುಡುಕಿದರು.

ಜೇಮ್ಸ್ ಮೆಕಾರ್ಟ್ನಿ ಅವರು 1996ರಲ್ಲಿ ಹೊರತಂದ ‘ಸೂಪರ್‌ಕೊಲೈಡರ್’ ಎಂಬ ಭಾಷೆಯನ್ನು ನೋಡೋಣ. ಅದರಲ್ಲಿ ಧ್ವನಿಯನ್ನು ಒಬ್ಬರಿಂದೊಬ್ಬರಿಗೆ ಸಾಗಿಸಲು ‘ಬಸ್’ ಎಂಬ ಕಾಲುವೆಗಳಿವೆ. ಧ್ವನಿಯ ಕಾಲುವೆಯನ್ನು ಪ್ರತಿ ಸುತ್ತಿಗೂ ಬರಿದುಮಾಡುವ ಕೆಲಸವನ್ನು ಭಾಷೆಯೇ ವಹಿಸಿಕೊಂಡಿದೆ; ಮೊದಲು ಸುರಿದವನದು ಹೊಸದಾಗಿ ನಿಲ್ಲುತ್ತದೆ, ಅನಂತರದವರದು ಅದಕ್ಕೆ ಕೂಡುತ್ತದೆ. ನಿಯಂತ್ರಣದ ಕಾಲುವೆಯಾದರೆ ಹಾಗಲ್ಲ. ಇಟ್ಟ ಬೆಲೆ ಇನ್ನೊಬ್ಬನು ಬದಲಾಯಿಸುವತನಕ ಅಲ್ಲಿಯೇ ಇರುತ್ತದೆ. ಮೊದಲನೆಯದು ಕ್ಯಾನು, ಎರಡನೆಯದು ಶ್ರುತಿ! ಆದರೆ ಸರತಿಯ ಚಿಂತೆ ಅಲ್ಲಿಯೂ ತಪ್ಪಿಲ್ಲ: ಸುರಿಯುವವರು ಮೊದಲು, ಓದುವವನು ಆಮೇಲೆ ಎಂಬ ಕ್ರಮವನ್ನು ಬರೆಯುವವನೇ ನೋಡಿಕೊಳ್ಳಬೇಕು.

ಅದೇ ಭಾಷೆಯಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರವೂ ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಪಾತ್ರೆಯಾಗಿದೆ. ಅವುಗಳಲ್ಲಿ ‘ಎಸ್’ ಅಕ್ಷರವನ್ನು ಧ್ವನಿ ಹುಟ್ಟಿಸುವ ಯಂತ್ರಭಾಗವನ್ನು ಸೂಚಿಸಲು ಮೀಸಲಾಗಿಡುವುದು ವಾಡಿಕೆ. ಹೊಸಬನೊಬ್ಬನು ತಿಳಿಯದೆ ಅದರಲ್ಲಿ ಯಾವುದೋ ಅಂಕಿಯನ್ನು ಇಟ್ಟನೆಂದರೆ, ಆ ಅಕ್ಷರದ ಮೂಲಕ ಕೊಟ್ಟ ಮುಂದಿನ ಅಪ್ಪಣೆಗಳೆಲ್ಲ ವಿಫಲವಾಗುತ್ತವೆ.

ಕಲಿಯುವವರಿಗೆ ನಾಲ್ಕು ಪ್ರಶ್ನೆಗಳು

ಸಿಸೌಂಡಿನಂಥ ಭಾಷೆಯನ್ನು ಕಲಿಯಹೊರಟ ಹುಡುಗ ಹುಡುಗಿಯರಿಗೆ ನಾವು ಹೇಳಬಯಸುವುದು ಇಷ್ಟೆ. ಹೆಸರಿನ ಮುಂದೆ ‘ಜಿ’ ಬರೆಯುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದರಲ್ಲಿ ಬರೆಯುವವರು ಯಾರು? ಬರೆಯುವವರು ಹಲವರಾದರೆ, ಕೂಡಿಸುತ್ತಿರುವರೋ ಅಳಿಸುತ್ತಿರುವರೋ? ಓದುವವನ ಸರದಿ ಎಲ್ಲರ ಹಿಂದೆ ಇದೆಯೋ? ಕೊನೆಯಲ್ಲಿ ಬರಿದುಮಾಡುವವರು ಯಾರು? ಈ ನಾಲ್ಕಕ್ಕೂ ಉತ್ತರ ಸಿದ್ಧವಾಗಿದ್ದರೆ ಸಾರ್ವತ್ರಿಕ ಚರಕ್ಕೆ ಹೆದರಬೇಕಾಗಿಲ್ಲ. ಉತ್ತರವಿಲ್ಲದಿದ್ದರೆ ಚರವನ್ನು ವಾದ್ಯದೊಳಗೇ ಇಟ್ಟುಕೊಳ್ಳುವುದು ಲೇಸು.

ಜೊತೆಗೆ ಹಿರಿಯರು ಗಮನಿಸಬೇಕಾದ ಒಂದು ಮಾತು. ಹೊಸ ಬರಹವನ್ನು ಮೊದಲ ಸಲ ನುಡಿಸುವಾಗ ಮಕ್ಕಳು ಹೆಡ್‌ಫೋನನ್ನು ಕಿವಿಯಿಂದ ತೆಗೆದಿರಲಿ, ಧ್ವನಿಯನ್ನು ತೀರ ತಗ್ಗಿಸಿಟ್ಟಿರಲಿ. ಮಿತಿ ಮೀರಿದ ಧ್ವನಿಯನ್ನು ತಡೆಯುವ ‘ಲಿಮಿಟರ್’ ಎಂಬ ಕಟ್ಟೆಯನ್ನು ಕೊನೆಯ ಹಂತದಲ್ಲಿ ಕಟ್ಟಿಕೊಳ್ಳಲಿ. ಒಂಟಿ ಸ್ವರದಿಂದ ಮಾತ್ರವಲ್ಲದೆ ಮೂರು ಸ್ವರಗಳ ಕೂಟದಿಂದಲೂ ಗಾಳಿಯಂಥ ಸದ್ದಿನಿಂದಲೂ ಪರೀಕ್ಷೆ ನಡೆಯಲಿ. ಸ್ವರ ನಿಂತ ಮೇಲೆ ಹತ್ತು ಸೆಕೆಂಡು ಸುಮ್ಮನಿದ್ದು, ಮೊಳಗು ಪೂರ್ತಿ ಅಡಗಿತೇ ಎಂದು ಆಲಿಸಲಿ. ಅಡಗಿದರೆ ಪಾತ್ರೆ ಬರಿದಾಗಿದೆ. ಮುಂದಿನ ಸ್ವರವನ್ನು ಧೈರ್ಯವಾಗಿ ನುಡಿಸಬಹುದು.